ಸಣ್ಣ ಪೆಟ್ರೋಲ್ ಎಂಜಿನ್ನುಗಳ ದೋಷಪರೀಕ್ಷೆ

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಕೊಳೆರೋಗದ ತಡೆಗಾಗಿ ಮುಂಗಾರು ಕಾಲಿಡುವ ಮುನ್ನವೇ ಬೋರ್ಡೋ ದ್ರಾವಣವನ್ನು ಸಿಂಪಡಿಸಿ ಮುಗಿಸಬೇಕು. ಆ ಕೆಲವೇ ದಿನಗಳಲ್ಲಿ ಸ್ಪ್ರೇಯರಿನ ಎಂಜಿನ್ನು ಹಟ ಹಿಡಿದರೆ ವರ್ಷದ ಫಸಲಿಗೇ ಕುತ್ತು.

ಎಂಜಿನ್ನು ನಡೆಯಲು ಶುದ್ಧ ಇಂಧನ, ಗಾಳಿ, ಕಿಡಿ ಮತ್ತು ಸಿಲಿಂಡರಿನೊಳಗಿನ ಒತ್ತಡ ಇವಿಷ್ಟೂ ಬೇಕು. ಇವುಗಳಲ್ಲಿ ಮೊದಲು ಶಂಕಿಸಬೇಕಾದುದು ಇಂಧನವನ್ನೇ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಪೆಟ್ರೋಲು ಸತ್ತ್ವಗುಂದಿ, ಅಂಟಾಗಿ, ಕಾರ್ಬ್ಯುರೇಟರಿನ ಸೂಕ್ಷ್ಮರಂಧ್ರವನ್ನು ಮುಚ್ಚುತ್ತದೆ. ಇಂದಿನ ಎಥನಾಲ್ ಮಿಶ್ರಿತ ಪೆಟ್ರೋಲು ಮಲೆನಾಡಿನ ತೇವವನ್ನೂ ಹೀರಿಕೊಳ್ಳುತ್ತದೆ. ಆದುದರಿಂದ ಹಳೆಯದನ್ನು ತೆಗೆದು ಹೊಸದನ್ನು ತುಂಬಬೇಕು. ಟೂ-ಸ್ಟ್ರೋಕ್ ಎಂಜಿನ್ನಾದರೆ ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಆಯಿಲ್ ಬೆರೆಸಬೇಕು.

ಕೆಲವು ಬಾರಿ ಹಗ್ಗವೆಳೆದ ಬಳಿಕ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ತುದಿ ಒಣಗಿದ್ದರೆ ಇಂಧನ ತಲುಪುತ್ತಿಲ್ಲ. ಫಿಲ್ಟರನ್ನೂ ಕಾರ್ಬ್ಯುರೇಟರನ್ನೂ ಶುಚಿಗೊಳಿಸಬೇಕು. ಒದ್ದೆಯಾಗಿದ್ದರೆ ಇಂಧನ ಅತಿಯಾಗಿದೆ, ಇಲ್ಲವೇ ಕಿಡಿ ಹಾರುತ್ತಿಲ್ಲ. ಪ್ಲಗ್ಗನ್ನು ಒಣಗಿಸಿ, ಚೋಕ್ ತೆಗೆದು ಎಳೆಯಬೇಕು, ಫಲವಿಲ್ಲದಿದ್ದರೆ ಪ್ಲಗ್ಗನ್ನೇ ಬದಲಿಸಬೇಕು. ಹೊರಟ ಎಂಜಿನ್ನು ಸ್ವಲ್ಪ ಹೊತ್ತಿಗೇ ನಿಂತರೆ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರವನ್ನು, ಕಪ್ಪು ಹೊಗೆಯುಗುಳಿದರೆ ಗಾಳಿಯ ಫಿಲ್ಟರನ್ನು ಪರೀಕ್ಷಿಸಬೇಕು.

ಸಿಂಪರಣೆ ಮುಗಿದೊಡನೆ ಟ್ಯಾಂಕನ್ನು ಬರಿದುಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದುದು ತೀರುವವರೆಗೆ ಎಂಜಿನ್ನನ್ನು ಓಡಿಸಿಟ್ಟರೆ ಮುಂದಿನ ವರ್ಷದ ಕಷ್ಟ ಬಹುಪಾಲು ತಪ್ಪುತ್ತದೆ. ಕಾಯಕಕ್ಕೆ ನೆರವಾಗುವ ಉಪಕರಣವನ್ನು ಜೋಪಾನ ಮಾಡುವುದೂ ಕಾಯಕವೇ.