ಆಟಿಯ ಕತ್ತಲಿಗೊಂದು ಟಾರ್ಚು

ಕಾಸರಗೋಡಿನ ಬಾಯಾರಿನ ಕತ್ತಲಿಗೆ ಎರಡು ಅಂತಸ್ತು. ಮೇಲೆ ಪದವು, ಮುರಕಲ್ಲಿನ ಬಯಲು. ಅಲ್ಲಿ ನಕ್ಷತ್ರದ ಬೆಳಕಾದರೂ ಬೀಳುತ್ತದೆ. ಕೆಳಗೆ ತೋಟ, ಅಡಿಕೆ ಮರಗಳ ಸೋಗೆ ಒಂದಕ್ಕೊಂದು ಕೂಡಿಕೊಂಡ ಮೇಲೆ ಹುಣ್ಣಿಮೆಯೂ ಅಲ್ಲಿಗೆ ಚಿಲ್ಲರೆ ಚಿಲ್ಲರೆಯಾಗಿಯೇ ಇಳಿಯುವುದು. ಮಳೆಗಾಲದ ಆಟಿ ತಿಂಗಳ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತೆಂದರೆ ಮತ್ತೆ ಬರುವುದು ಯಾವಾಗ ಎಂದು ಲೈನ್‌ಮ್ಯಾನಿಗೂ ಹೇಳಲಾಗುವುದಿಲ್ಲ. ಗೋಡೆಯ ಮೊಳೆಯಲ್ಲಿ ನೇತಾಡುವ ಟಾರ್ಚಿಗೆ ಕೈ ಹೋಗುತ್ತದೆ. ಗುಂಡಿ ಒತ್ತಿದರೆ ಉರಿಯುವುದಿಲ್ಲ. ಹೋದ ವರ್ಷವೂ ಹೀಗೇ ಆಗಿತ್ತು ಎಂದು ನೆನಪಾಗುವುದು ಆಗಲೇ.

ಟಾರ್ಚು ಬರುವ ಮೊದಲು ಇಲ್ಲಿದ್ದದ್ದು ಸೂಟೆ. ಒಣ ಮಡಲನ್ನು ಬಿಗಿದು ಕಟ್ಟಿ, ತುದಿಗೆ ಬೆಂಕಿ ಕೊಟ್ಟು, ಆರದ ಹಾಗೆ ಬೀಸುತ್ತಾ ನಡೆಯುವುದು. ಬಯಲಾಟ ನೋಡಿ ಬರುವ ದಾರಿಯನ್ನು ನಮ್ಮಜ್ಜ ಸೂಟೆಯ ಲೆಕ್ಕದಲ್ಲೇ ಅಳೆಯುತ್ತಿದ್ದರು: ‘ಎರಡು ಸೂಟೆ ದಾರಿ.’ ಟಾರ್ಚ್ ಎಂಬ ಇಂಗ್ಲಿಷ್ ಪದದ ಹಳೆಯ ಅರ್ಥವೂ ಸೂಟೆಯೇ. ಎಷ್ಟು ಮಡಲೋ ಅಷ್ಟು ಬೆಳಕು, ಅದರಲ್ಲಿ ಮೋಸಕ್ಕೆ ಎಡೆ ಇರಲಿಲ್ಲ. ಈಗ ಪೇಟೆಯ ಅಂಗಡಿಯವನು ಪೆಟ್ಟಿಗೆ ತಿರುಗಿಸಿ ತೋರಿಸುತ್ತಾನೆ: “ಇದು ನೋಡಿ ಭಟ್ರೇ, ಎರಡು ಲಕ್ಷ ಲ್ಯೂಮೆನ್. ಗುಡ್ಡೆಯಾಚೆ ಕಾಣ್ತದೆ.”

ತಪ್ಪು ಕಲ್ಪನೆ: ಲ್ಯೂಮೆನ್ ಹೆಚ್ಚಿದ್ದಷ್ಟೂ ದೂರ ಕಾಣುತ್ತದೆ

ಮೊದಲು ಆ ಎರಡು ಲಕ್ಷದ ಮಾತು ಮುಗಿಸೋಣ. ಕಾರಿನ ಹೆಡ್‌ಲೈಟಿಗೆ ಹಾಕುವ ಸಾಮಾನ್ಯ ಹ್ಯಾಲೊಜನ್ ಬಲ್ಬು ಹೈಬೀಮಿನಲ್ಲಿ ಕೊಡುವುದು ಸುಮಾರು 1,650 ಲ್ಯೂಮೆನ್. ಎರಡು ಲಕ್ಷ ಎಂದರೆ ನೂರಿಪ್ಪತ್ತು ಹೆಡ್‌ಲೈಟು. ಅದು ಅಂಗೈಯಲ್ಲಿ ಹಿಡಿಯುವ ವಸ್ತುವಿನಿಂದ ಹೊರಟರೆ ಅಂಗೈ ಉಳಿಯುವುದಿಲ್ಲ.

ಲ್ಯೂಮೆನ್ ಎಂಬುದು ಹೊರಬೀಳುವ ಒಟ್ಟು ಬೆಳಕಿನ ಅಳತೆ. ಹಂಡೆಯಲ್ಲಿ ಇರುವ ನೀರಿನಂತೆ. ಅದೇ ನೀರನ್ನು ಅಂಗಳಕ್ಕೆ ಚೆಲ್ಲಬಹುದು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ದೂರದ ಬಾಳೆಬುಡಕ್ಕೂ ಹಾರಿಸಬಹುದು. ಒಂದು ದಿಕ್ಕಿಗೆ ಬೆಳಕು ಎಷ್ಟು ಬಿಗಿಯಾಗಿ ಹೋಗುತ್ತದೆ ಎಂಬುದಕ್ಕೆ ಬೇರೆ ಅಳತೆ ಇದೆ: ಕ್ಯಾಂಡೆಲಾ. ಒಳ್ಳೆಯ ಕಂಪನಿಗಳು ಎರಡನ್ನೂ ಬರೆಯುತ್ತವೆ. 2,500 ಕ್ಯಾಂಡೆಲಾ ಇದ್ದರೆ ದೂರ 100 ಮೀಟರ್; 10,000 ಇದ್ದರೆ 200 ಮೀಟರ್. ದೂರ ಎರಡು ಪಟ್ಟಾಗಬೇಕಾದರೆ ಬಿಗಿ ನಾಲ್ಕು ಪಟ್ಟಾಗಬೇಕು.

ಈ ‘ದೂರ’ದ ಒಳಗೂ ಒಂದು ಗುಟ್ಟಿದೆ. ಟಾರ್ಚುಗಳನ್ನು ಅಳೆಯಲು ಅಮೆರಿಕದಲ್ಲಿ 2009ರಲ್ಲಿ ಎಫ್‌ಎಲ್‌-1 ಎಂಬ ಮಾನದಂಡ ಬಂತು. ಅದರ ಪ್ರಕಾರ, ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗವೇ ಟಾರ್ಚಿನ ದೂರದ ಕೊನೆ. 0.25 ಲಕ್ಸ್ ಎಂದರೆ ಮೋಡವಿಲ್ಲದ ರಾತ್ರಿಯ ಹುಣ್ಣಿಮೆ ಬೆಳಕು. ಹುಣ್ಣಿಮೆಯಲ್ಲಿ ಪಂಪುಶೆಡ್ಡು ಕಾಣುತ್ತದೆ. ಅದರ ಮೆಟ್ಟಿಲಲ್ಲಿ ಬಿದ್ದಿರುವುದು ಹಗ್ಗವೋ ಹಾವೋ ಕಾಣುವುದಿಲ್ಲ. ಹಾಗಾಗಿ ಪೆಟ್ಟಿಗೆಯ ಮೇಲೆ 200 ಮೀಟರ್ ಎಂದಿದ್ದರೆ ನಾನು ಮನಸ್ಸಿನಲ್ಲೇ ಅರ್ಧ ಮಾಡಿಕೊಳ್ಳುತ್ತೇನೆ.

ಇಷ್ಟಕ್ಕೂ ತೋಟದಲ್ಲಿ ದೂರ ಯಾರಿಗೆ ಬೇಕು? ಹತ್ತು ಮರ ದಾಟುವಷ್ಟರಲ್ಲಿ ಎಷ್ಟು ದೊಡ್ಡ ಟಾರ್ಚಿಗೂ ಕಾಂಡಗಳೇ ಅಡ್ಡ. ನೀರಿನ ಕಣಿ ದಾಟುವಾಗ, ಪಾಚಿ ಹಿಡಿದ ಅಡಿಕೆ ಮರದ ಸಂಕದ ಮೇಲೆ ಹೆಜ್ಜೆ ಇಡುವಾಗ ಬೇಕಾದದ್ದು ಕಾಲಬುಡದ ಎಡಬಲ ಎರಡೂ ಕಾಣುವ ಅಗಲ ಬೆಳಕು. ಸೂಟೆ ಕೊಡುತ್ತಿದ್ದದ್ದು ಅದನ್ನೇ. ಆಮೇಲೆ ಬಂದ ಎರಡು ಸೆಲ್ಲಿನ ಉಕ್ಕಿನ ಟಾರ್ಚು ಇಪ್ಪತ್ತು ಲ್ಯೂಮೆನ್ನಿಗಿಂತ ಕಡಿಮೆ ಬೆಳಕನ್ನು ಒಂದು ಉಂಡೆ ಮಾಡಿ ಎಸೆಯುತ್ತಿತ್ತು. ಆ ಉಂಡೆಯನ್ನೇ ‘ಪವರ್’ ಎಂದು ನಂಬುವ ಅಭ್ಯಾಸ ನಮಗೆ ಅಲ್ಲಿಂದ ಬಂತು. ನಡೆಯಲು 50ರಿಂದ 100 ಲ್ಯೂಮೆನ್ ಹರಡಿ ಬಿದ್ದರೆ ನನಗೆ ಧಾರಾಳ. ಹಂದಿ ಬಂದಿದೆಯೋ ಎಂದು ತೋಟದ ಆ ಕೊನೆಗೆ ಹಾಯಿಸಲು 300–500 ಸಾಕು, ಅದೂ ನಾಲ್ಕು ಗಳಿಗೆಗೆ. ಪೊಸಡಿ ಗುಂಪೆ ಗುಡ್ಡೆಗೆ ನಸುಕಿನಲ್ಲಿ ಹತ್ತುವವರಿಗೆ, ಬಯಲಾದ್ದರಿಂದ, ಸ್ವಲ್ಪ ದೂರದ ಬೆಳಕು ಉಪಯೋಗಕ್ಕೆ ಬರುತ್ತದೆ.

ತಪ್ಪು ಕಲ್ಪನೆ: ‘10 ಗಂಟೆ’ ಎಂದರೆ ಹತ್ತು ಗಂಟೆ ಅದೇ ಬೆಳಕು

ಅದೇ ಎಫ್‌ಎಲ್‌-1 ಮಾನದಂಡದಲ್ಲಿ ಹೊತ್ತು ಎಣಿಸುವುದು, ಹಚ್ಚಿ ಅರ್ಧ ನಿಮಿಷಕ್ಕೆ ಇದ್ದ ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುವ ತನಕ. 1,000 ಲ್ಯೂಮೆನ್ನಿನಿಂದ ಶುರುವಾಗಿ ಕೆಲವೇ ನಿಮಿಷಕ್ಕೆ 300ಕ್ಕೆ ಇಳಿದು, ಉಳಿದ ಒಂಬತ್ತು ಚಿಲ್ಲರೆ ಗಂಟೆ ಅದರ ಕೆಳಗೇ ಎಳೆದುಕೊಂಡು ಹೋದರೂ ಲೆಕ್ಕಕ್ಕೆ ಅದು ಹತ್ತು ಗಂಟೆಯೇ. ಇಳಿಯುವುದಕ್ಕೆ ಬ್ಯಾಟರಿಯಷ್ಟೇ ಕಾರಣವಲ್ಲ, ಬಿಸಿಯೂ ಕಾರಣ. ಎಲ್‌ಇಡಿ ಸುಟ್ಟುಹೋಗದಂತೆ ಟಾರ್ಚು ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಅದು ರೋಗವಲ್ಲ. ತಗ್ಗಿಸಿಕೊಳ್ಳದೆ ಬಿಸಿಯಾಗುತ್ತಲೇ ಹೋಗುವ ಅಗ್ಗದ ಟಾರ್ಚಿನ ಬಗ್ಗೆ ಹೆದರಬೇಕು.

ತಪ್ಪು ಕಲ್ಪನೆ: ಮೊಬೈಲಿನಲ್ಲೇ ಇದೆಯಲ್ಲ

ಇದೆ, ಕೀಲಿಯ ತೂತು ಹುಡುಕಲು. ಮಳೆ ಹನಿ ಬಿದ್ದ ಸ್ಕ್ರೀನು ಬೆರಳಿನ ಮಾತು ಕೇಳುವುದಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಜಾರುವ ಮೊಬೈಲು; ಕಣಿಗೆ ಬಿದ್ದರೆ ಬೆಳಕೂ ಹೋಯಿತು, ಯಾರನ್ನಾದರೂ ಕರೆಯುವ ದಾರಿಯೂ ಹೋಯಿತು.

ತಪ್ಪು ಕಲ್ಪನೆ: ಹಾಲಿನಂಥ ಬಿಳಿ ಬೆಳಕೇ ಉತ್ತಮ, ಮಂಜಿಗೆ ಹಳದಿ

ಎರಡೂ ಅರ್ಧ ಸತ್ಯ. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ದೀಪ. ಅದರ ಮೇಲೆ ಹಳದಿ ಫಾಸ್ಫರ್ ಲೇಪ ಕೊಟ್ಟು ಬಿಳಿ ಮಾಡುತ್ತಾರೆ. (ಆ ನೀಲಿ ಎಲ್‌ಇಡಿಗೇ ಅಕಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು.) ಅಗ್ಗದ ಟಾರ್ಚಿನ ನೀಲಿಛಾಯೆಯ ಬಿಳಿಯಲ್ಲಿ ಕೆಂಪು, ಕಂದು ಬಣ್ಣಗಳು ಸತ್ತು ಬೂದಿಯಾಗಿ ಕಾಣುತ್ತವೆ. ನಮ್ಮ ತೋಟದ ನೆಲವೆಲ್ಲ ಕಂದು: ಬಿದ್ದ ಹಾಳೆ, ಸೋಗೆ, ತರಗೆಲೆ. ಅದರ ನಡುವೆ ಒಂದೂವರೆ ಗೇಣುದ್ದದ, ಮೂಗು ಮೇಲೆತ್ತಿದ ಗುಳಿಮಂಡಲ ಸುರುಳಿ ಸುತ್ತಿ ಮಲಗಿದ್ದರೆ ಅದನ್ನು ಎಲೆಯಿಂದ ಬೇರ್ಪಡಿಸಿ ತೋರಿಸುವುದು ಕಂದಿನೊಳಗಿನ ಕಂದನ್ನು ಬಿಡಿಸುವ ಬೆಳಕು. ನಮ್ಮಲ್ಲಿ ಸಿಗುವ ಹಾವಿನ ವಿಷದ ಮದ್ದು ತಯಾರಾಗಿರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಈ ಗುಳಿಮಂಡಲ ಆ ಪಟ್ಟಿಯಲ್ಲಿ ಇಲ್ಲ. ಟಾರ್ಚಿನ ವಿವರದಲ್ಲಿ ಬಣ್ಣ ಎಷ್ಟು ಸರಿಯಾಗಿ ತೋರುತ್ತದೆ ಎಂಬ ಅಳತೆಯಾದ ಸಿಆರ್‌ಐ 90 ಅಥವಾ ಮೇಲೆ, ಬೆಳಕಿನ ಛಾಯೆ 4,000 ಕೆಲ್ವಿನ್ ಆಸುಪಾಸು ಎಂದಿದ್ದರೆ ಲ್ಯೂಮೆನ್ ಸ್ವಲ್ಪ ಕಡಿಮೆಯಾದರೂ ಅದನ್ನೇ ತೆಗೆದುಕೊಳ್ಳಿ.

ಮಂಜಿನ ಹನಿಗೆ ಮಾತ್ರ ಬಣ್ಣದ ಹಂಗಿಲ್ಲ. ಆ ಹನಿಗಳು ಬೆಳಕಿನ ಅಲೆಗಿಂತ ಬಹಳ ದೊಡ್ಡವು. ಹಳದಿಯನ್ನೂ ಬಿಳಿಯನ್ನೂ ಒಂದೇ ರೀತಿ ಚದುರಿಸುತ್ತವೆ. ಕಣ್ಣಿಗೆ ಹೊಡೆಯುವುದು ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಟಾಗ. ಜಡಿಮಳೆಯಲ್ಲಿ ತಲೆಗೆ ಕಟ್ಟಿದ ಹೆಡ್‌ಲೈಟು ಎದುರಿಗೊಂದು ಬಿಳಿ ಪರದೆ ಎಳೆಯುತ್ತದೆ. ಅದನ್ನೇ ಬಿಚ್ಚಿ ಸೊಂಟದ ಮಟ್ಟಕ್ಕೆ ಹಿಡಿಯಿರಿ, ದಾರಿ ಕಾಣುತ್ತದೆ.

ತಪ್ಪು ಕಲ್ಪನೆ: ಬೆಳಕು ಬಿಟ್ಟರೆ ಹಾವು ಸರಿದುಹೋಗುತ್ತದೆ

ಹಾವಿಗೆ ರೆಪ್ಪೆಯೇ ಇಲ್ಲ, ಮುಚ್ಚಿಕೊಂಡು ಓಡುವ ಅವಸರವೂ ಇಲ್ಲ. ಮಂಡಲಗಳಂತೂ ಇದ್ದಲ್ಲೇ ಇರುತ್ತವೆ. ಟಾರ್ಚಿರುವುದು ಅದನ್ನು ಓಡಿಸಲು ಅಲ್ಲ, ನಾವು ನಿಲ್ಲಲು. ಬೆಳಕು ಎರಡು ಹೆಜ್ಜೆ ಮುಂದಿರಲಿ. ಸ್ವಿಚ್ಚು ಹಾಸಿಗೆಯಿಂದ ಕಾಲಿಳಿಸುವ ಮೊದಲೇ ಒತ್ತಬೇಕು, ಜಗಲಿಗೆ ಬಂದ ಮೇಲಲ್ಲ.

ತಪ್ಪು ಕಲ್ಪನೆ: ‘ವಾಟರ್‌ಪ್ರೂಫ್’ ಎಂದು ಬರೆದಿದೆ

ಆ ಒಂದು ಪದಕ್ಕೆ ಯಾವ ಅಳತೆಯೂ ಇಲ್ಲ. ಅಳತೆ ಇರುವುದು ಐಪಿ ಅಂಕೆಗೆ. ಐಪಿಎಕ್ಸ್‌-4 ಎಂದರೆ ಎಲ್ಲ ಕಡೆಯಿಂದ ನೀರು ಎರಚಿದರೂ ತಡೆಯುತ್ತದೆ. ಐಪಿಎಕ್ಸ್‌-7 ಎಂದರೆ ಒಂದು ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ. ನಡುವಿನ ಎಕ್ಸ್ ಎಂದರೆ ಧೂಳಿನ ಪರೀಕ್ಷೆಯ ಅಂಕೆ ಕೊಟ್ಟಿಲ್ಲ ಎಂದಷ್ಟೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ ಊರಿಗೆ ನಾಲ್ಕು ಸಾಲದು, ಏಳು ಬೇಕು.

ಎಳೆದು ಚಾಚಿ ಬೆಳಕನ್ನು ಕಿರಿದು ಹಿರಿದು ಮಾಡುವ ಜೂಮ್ ಟಾರ್ಚಿನ ಮೋಹವನ್ನು ಇಲ್ಲಿಯವರು ಬಿಡುವುದು ಒಳ್ಳೆಯದು. ಪ್ರತಿ ಸಲ ಎಳೆದಾಗಲೂ ಅದು ಸೈಕಲ್ ಪಂಪಿನ ಹಾಗೆ ಆಟಿಯ ತೇವದ ಗಾಳಿಯನ್ನು ಒಳಗೆಳೆಯುತ್ತದೆ. ಶ್ರಾವಣಕ್ಕೆ ಗಾಜಿನ ಒಳಗೆ ಮಂಜು. ಮುಚ್ಚಳದ ರಬ್ಬರ್ ಬಳೆಗೆ ವರ್ಷಕ್ಕೊಮ್ಮೆ ಸಿಲಿಕೋನ್ ಗ್ರೀಸು ಸವರಿ. ತೆಂಗಿನೆಣ್ಣೆ ಬೇಡ, ಎಲ್ಲದಕ್ಕೂ ಅದೇ ಮದ್ದಲ್ಲ.

ತಪ್ಪು ಕಲ್ಪನೆ: ಸೆಲ್ಲು ಬಿಸಿಲಿಗಿಟ್ಟರೆ ಜೀವ ಬರುತ್ತದೆ

ಬರುತ್ತದೆ, ಹತ್ತು ನಿಮಿಷಕ್ಕೆ. ಜಗಲಿಯ ಅಂಚಿನಲ್ಲಿ ಸೆಲ್ಲುಗಳನ್ನು ಹಪ್ಪಳದ ಜೊತೆ ಒಣಗಿಸಿದ ಮನೆಯಲ್ಲೇ ನಾನೂ ಬೆಳೆದದ್ದು. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ವಿಶ್ರಾಂತಿಯೂ ಸಿಗುತ್ತದೆ. ಅಷ್ಟಕ್ಕೆ ಕೊನೆಯ ಉಸಿರು. ಮಾಮೂಲಿ ಸೆಲ್ಲಿನ ಹೊರಗಿನ ಸತುವಿನ ಡಬ್ಬಿಯೇ ಅದರ ಋಣ ತುದಿ. ಬಳಸಿದಷ್ಟೂ ಆ ಡಬ್ಬಿಯೇ ಕರಗಿ ತೆಳುವಾಗುತ್ತದೆ, ಕೊನೆಗೆ ತೂತಾಗಿ ಸೋರುತ್ತದೆ. ಹಳೆ ಬಲ್ಬು ಸೆಲ್ಲು ಸೋತೊಡನೆ ಕೆಂಪಾಗಿ ಸೂಚನೆ ಕೊಡುತ್ತಿತ್ತು. ಎಲ್‌ಇಡಿ ಕೊನೆಯ ಹನಿಯವರೆಗೆ ಮಿಣುಗುತ್ತಿರುವುದರಿಂದ ಸತ್ತ ಸೆಲ್ಲು ಒಳಗೇ ಉಳಿಯುತ್ತದೆ, ಸ್ಪ್ರಿಂಗು ತುಕ್ಕಿಗೆ ಹೋಗುತ್ತದೆ. ಮೇಲೆ ಹೇಳಿದ ಉರಿಯದ ಟಾರ್ಚಿನ ಕಥೆ ಅದೇ. ಹಳೆಯದೊಂದು ಹೊಸತೊಂದು ಜೋಡಿಸುವುದೂ ಸೋರಿಕೆಗೆ ಆಹ್ವಾನ. ಆಗಾಗ ಬಳಸದಿದ್ದರೆ ಸೆಲ್ಲು ತೆಗೆದು ಟಾರ್ಚಿನ ಪಕ್ಕದಲ್ಲೇ ಕಟ್ಟಿಡಿ. ಲಿಥಿಯಂ ಸೆಲ್ಲನ್ನಂತೂ ಬಿಸಿಲಿಗೆ ತೋರಿಸಲೇಬೇಡಿ.

ತಪ್ಪು ಕಲ್ಪನೆ: ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು

ಇದು ನಿಕ್ಕಲ್–ಕ್ಯಾಡ್ಮಿಯಂ ಕಾಲದ ಬುದ್ಧಿಮಾತು. ಈಗ ಅಂಗಡಿಯಲ್ಲಿ ಸಿಗುವ ಅಗ್ಗದ ಚಾರ್ಜಿಂಗ್ ಟಾರ್ಚುಗಳಲ್ಲಿ ಬಹಳಷ್ಟರ ಒಳಗಿರುವುದು ನಾಲ್ಕು ವೋಲ್ಟಿನ ಲೆಡ್ ಬ್ಯಾಟರಿ. ಖಾಲಿ ಬಿಟ್ಟರೆ ಒಳಗೆ ಸಲ್ಫೇಟ್ ಗಟ್ಟಿಯಾಗಿ ಅದು ಸಾಯುತ್ತದೆ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಬೇಕು. ಲಿಥಿಯಂ ಸೆಲ್ಲಾದರೆ ಅರ್ಧ ತುಂಬಿಸಿ ತಂಪಿನಲ್ಲಿಟ್ಟರೆ ಹೆಚ್ಚು ಬಾಳುತ್ತದೆ.

ಎರಡು ಕಡ್ಡಿ ಹೊರಬರುವ, ನೇರ ಗೋಡೆಯ ಪ್ಲಗ್ಗಿಗೆ ಚುಚ್ಚುವ ಟಾರ್ಚುಗಳ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅವುಗಳಲ್ಲಿ ಅನೇಕಕ್ಕೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರಿನ ಮೂಲಕ ಮನೆಯ 230 ವೋಲ್ಟೇ ಒಳಗೆ ಬರುತ್ತದೆ. ಚಾರ್ಜಿಗಿಟ್ಟಾಗ ಒಳಗಿನ ಪ್ರತಿ ತಂತಿಯನ್ನೂ ಜೀವಂತ ಎಂದೇ ತಿಳಿಯಬೇಕು. ಆಗ ಸ್ವಿಚ್ಚು ಹಾಕಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ, ಒಡೆದ ಮೈಯ ಟಾರ್ಚನ್ನು ಪ್ಲಗ್ಗಿಗೆ ಚುಚ್ಚಲೇಬೇಡಿ. ಯುಎಸ್‌ಬಿಯಿಂದ ಚಾರ್ಜ್ ಆಗುವ, ಸೆಲ್ಲು ಬದಲಿಸಬಹುದಾದ ಟಾರ್ಚಿಗೆ ನಾನು ಮುನ್ನೂರು ರೂಪಾಯಿ ಹೆಚ್ಚು ಕೊಡಲು ತಯಾರು.

ಬದಲಿಸುವ ಸೆಲ್ಲೆಂದರೆ ಸಾಮಾನ್ಯವಾಗಿ 18650. ಅಡ್ಡಗಲ 18 ಮಿಲಿಮೀಟರ್, ಉದ್ದ 65, ಹೆಸರೇ ಅಳತೆ. ಇದರಲ್ಲಿ ಹಿಡಿಯುವುದು ಹೆಚ್ಚೆಂದರೆ 3,500 ಎಂಎಎಚ್ ಆಸುಪಾಸು. ಮೈಮೇಲೆ 9,900 ಎಂದು ಬರೆದಿದ್ದರೆ ಬೇರೇನೂ ಪರೀಕ್ಷಿಸಬೇಕಿಲ್ಲ. ಅನುಮಾನವಿದ್ದರೆ ದಿನಸಿ ಅಂಗಡಿಯ ತಕ್ಕಡಿಯಲ್ಲಿಡಿ; ನಿಜವಾದದ್ದು 45 ಗ್ರಾಮಿನ ಹತ್ತಿರ ತೂಗುತ್ತದೆ.

ತಪ್ಪು ಕಲ್ಪನೆ: ಎಲ್‌ಇಡಿ ಇದ್ದ ಮೇಲೆ ಸುರಂಗಕ್ಕೆ ಮೇಣದಬತ್ತಿ ಯಾಕೆ?

ಬಾಯಾರು, ಪೈವಳಿಕೆ, ಎಣ್ಮಕಜೆಯ ನೀರಿನ ಕಥೆ ಸುರಂಗದ್ದು. ಗುಡ್ಡೆಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಒಳಗಿನ ಒರತೆಯನ್ನು ಪಂಪಿಲ್ಲದೆ ಹೊರಗೆ ಹರಿಸುವ ವಿದ್ಯೆ. ಅಗಲ ಅರ್ಧದಿಂದ ಮುಕ್ಕಾಲು ಮೀಟರಿನೊಳಗೆ, ಎತ್ತರ ಎರಡು ಮೀಟರಿನೊಳಗೆ, ಉದ್ದ ಕೆಲವು ಮೀಟರಿನಿಂದ 300 ಮೀಟರ್ ತನಕ. ಇಲ್ಲಿಂದ ಕರ್ನಾಟಕದ ಗಡಿ ದಾಟಿದರೆ ಸಿಗುವ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ತೋಡಿ ಬೋಳುಗುಡ್ಡೆಯಲ್ಲಿ ತೋಟ ಎಬ್ಬಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆ ಈ ಸುರಂಗಗಳನ್ನು ನಾಡಿಗೆಲ್ಲ ಪರಿಚಯಿಸಿದರು.

ಬೇಸಗೆಯಲ್ಲಿ ಕೆಸರು ತೆಗೆಯಲು ಒಳಗೆ ಹೋಗುವವರಿಗೆ ಹೆಡ್‌ಲೈಟು ದೊಡ್ಡ ಉಪಕಾರ. ಎರಡು ಕೈಯೂ ಬಿಡುವು, ತಲೆ ತಿರುಗಿದತ್ತ ಬೆಳಕು. ಕಡಿಮೆ ಬೆಳಕಿನಲ್ಲೇ ಇಟ್ಟುಕೊಂಡರೆ ಬಾವಲಿಗಳು ಗಾಬರಿಯಾಗಿ ಮುಖಕ್ಕೆ ಬರುವುದೂ ಕಡಿಮೆ. ಆದರೆ ಎಲ್‌ಇಡಿಗೆ ಉಸಿರಾಟವಿಲ್ಲ. ಗಾಳಿ ಕೆಟ್ಟರೂ ಅದು ನಗುನಗುತ್ತಲೇ ಉರಿಯುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ 21 ಪಾಲು. ಅದು 16ರ ಹತ್ತಿರ ಇಳಿಯುವಾಗ ಮೇಣದಬತ್ತಿ ಆರುತ್ತದೆ. ಆಗ ಮನುಷ್ಯನಿಗೆ ಇನ್ನೂ ನಡೆದು ಹೊರಬರುವ ಶಕ್ತಿ ಇರುತ್ತದೆ. ಹಳಬರು ಬತ್ತಿಯನ್ನು ಕೊಂಡೊಯ್ಯುತ್ತಿದ್ದದ್ದು ಬೆಳಕಿಗಾಗಿ ಮಾತ್ರ ಅಲ್ಲ.

ಬತ್ತಿಯನ್ನೂ ಪೂರ್ತಿ ನಂಬುವಂತಿಲ್ಲ. ಸುರಂಗದ ಬಾಯಲ್ಲಿ ಎಂಜಿನ್ ಪಂಪು ಓಡಿಸಿದ್ದರೆ ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡು ಒಳಗೆ ತುಂಬಿಕೊಳ್ಳಬಹುದು. ಅದಕ್ಕೆ ವಾಸನೆ ಇಲ್ಲ, ಅದು ಬತ್ತಿಯನ್ನು ಆರಿಸುವುದೂ ಇಲ್ಲ. ಎಂಜಿನ್ ಓಡಿದ ದಿನ ಒಳಗೆ ಹೋಗಬಾರದು, ಕೈಯಲ್ಲಿ ಏನೇ ಇರಲಿ. ಉಳಿದ ದಿನಗಳಲ್ಲೂ ಭಾರದ ಗಾಳಿ ತಗ್ಗಿನಲ್ಲಿ ನಿಲ್ಲುವುದರಿಂದ ಬತ್ತಿಯನ್ನು ಮೊಣಕಾಲ ಮಟ್ಟಕ್ಕೆ ಹಿಡಿಯಬೇಕು, ಒಬ್ಬರು ಬಾಯಲ್ಲೇ ನಿಂತಿರಬೇಕು.

ನಮ್ಮ ಮನೆಯ ಮೊಳೆಯಲ್ಲಿ ಈಗ ನೇತಾಡುವುದು ಅಂಗೈ ಉದ್ದದ ಒಂದು ಟಾರ್ಚು ಮತ್ತು ರಬ್ಬರ್ ಪಟ್ಟಿಯ ಹೆಡ್‌ಲೈಟು, ಎರಡಕ್ಕೂ ಒಂದೇ ಜಾತಿಯ ಸೆಲ್ಲು. ಕೆಳಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಅರ್ಧ ಉರಿದ ಮೇಣದಬತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ.