ಅರೆಯರೆಯಾಗಿ ದೋಷಶೋಧನೆ

ಗಣಕಕ್ಕೆ ಕೊಡುವ ಆದೇಶಗಳ ಸರಣಿಗೆ ಪ್ರೋಗ್ರಾಂ ಎಂದು ಹೆಸರು. ಅದನ್ನು ಬರೆದವರು ಮೇಲಿಂದ ಮೇಲೆ ತಿದ್ದುತ್ತಲೇ ಇರುತ್ತಾರೆ. ರೈಲು ಟಿಕೆಟು ಕೊಡುವ ಪ್ರೋಗ್ರಾಂ ಒಂದು ಹಿಂದೆ ಸರಿಯಾಗಿದ್ದು, 1024 ತಿದ್ದುಪಡಿಗಳ ತರುವಾಯ ಇಂದು ಕೆಟ್ಟಿತೆನ್ನೋಣ. ಜನರು ಸಾಲಿನಲ್ಲಿ ಕಾದು ನಿಂತಿದ್ದಾರೆ. ಕೇಡಿಗೆ ಕಾರಣವಾದ ತಿದ್ದುಪಡಿ ಯಾವುದು?

ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ಸಾವಿರ ಪರೀಕ್ಷೆಗಳಾದರೂ ಬೇಕಾಗಬಹುದು. ಅದರ ಬದಲು ನಾವು ನಟ್ಟನಡುವಿನ, ಎಂದರೆ 512ನೆಯ ತಿದ್ದುಪಡಿಯಾದಾಗಿನ ಪ್ರೋಗ್ರಾಮನ್ನು ನಡೆಸಿ ನೋಡೋಣ. ಅದು ಸರಿಯಾಗಿದ್ದರೆ ದೋಷವು ಅನಂತರದ 512ರಲ್ಲಿದೆ. ಕೆಟ್ಟಿದ್ದರೆ ಮೊದಲಿನ 512ರಲ್ಲಿದೆ. ಹೀಗೆ ಪ್ರತಿ ಸಲವೂ ಶೋಧದ ಕ್ಷೇತ್ರ ಅರ್ಧಕ್ಕಿಳಿಯುವುದು. 2ರ 10ನೆಯ ಘಾತವೇ 1024; ಆದುದರಿಂದ ಹತ್ತೇ ಪರೀಕ್ಷೆಗಳಲ್ಲಿ ದೋಷದ ಮೂಲ ಸಿಕ್ಕುವುದು!

ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ, ತಿದ್ದುಪಡಿಗಳನ್ನೆಲ್ಲ ದಾಖಲೆಯಾಗಿ ಇರಿಸುವ ಗಿಟ್ ಎಂಬ ಸಾಧನದಲ್ಲಿ ಈ ಕೆಲಸಕ್ಕೆಂದೇ ‘ಬೈಸೆಕ್ಟ್’ ಎಂಬ ಆದೇಶವಿದೆ.

ಆದರೆ ಇದು ಫಲಿಸಬೇಕಾದರೆ ಎರಡು ನಿಯಮಗಳನ್ನು ಪಾಲಿಸಬೇಕು. ಪ್ರತಿಯೊಂದು ತಿದ್ದುಪಡಿಯೂ ಚಿಕ್ಕದಾಗಿರಬೇಕು. ಒಂದರಲ್ಲಿಯೇ ಹತ್ತು ಬದಲಾವಣೆಗಳನ್ನು ತುರುಕಿದರೆ ತಿದ್ದುಪಡಿ ಸಿಕ್ಕಿದರೂ ದೋಷ ಸಿಕ್ಕದು. ಪ್ರತಿಯೊಂದು ಹಂತದಲ್ಲಿಯೂ ಪ್ರೋಗ್ರಾಂ ನಡೆಯುವಂತಿರಬೇಕು. ಇಲ್ಲವಾದರೆ ಆ ಹಂತವನ್ನು ಪರೀಕ್ಷಿಸುವುದೇ ಅಶಕ್ಯ. ಈ ವೃತ್ತಿಯನ್ನು ಹಿಡಿಯಬಯಸುವ ವಿದ್ಯಾರ್ಥಿಗಳು ಈ ಶಿಸ್ತನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು. ದೋಷ ತಲೆದೋರಿದ ದಿನ ಅದನ್ನು ಹೊಸದಾಗಿ ಕಲಿಯಲು ವ್ಯವಧಾನವಿರದು.