ಹಳೆ ದೋಣಿ, ಹಳೆ ಎಂಜಿನ್: ಕೊಳ್ಳುವ ಮುನ್ನ...

ಮಳೆಗಾಲ ಹತ್ತಿರವಾದಂತೆ ಕರಾವಳಿಯ ಮೀನುಗಾರರ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ವಿಶ್ರಮಿಸುವ ಆ ದಿನಗಳಲ್ಲಿ ಮೀನಿಗೆ ಒಳ್ಳೆಯ ಬೆಲೆ. ಸ್ವಂತದ್ದೊಂದು ದೋಣಿಯಿದ್ದರೆ ಮಗನ ಕಾಲೇಜಿನ ಶುಲ್ಕ, ಮಗಳ ಹಾಸ್ಟೆಲ್ ಖರ್ಚು ಎರಡೂ ನೀಗುತ್ತವೆ ಎಂಬುದು ಅಪ್ಪನ ಆಸೆ.

ಆದರೆ ಹೊಸ ದೋಣಿ, ಹೊಸ ಎಂಜಿನ್ ಎಂದರೆ ಕೈಗೆಟುಕುವ ಮಾತಲ್ಲ. ಉಳಿದಿರುವ ದಾರಿ ಒಂದೇ: ಸೆಕೆಂಡ್ ಹ್ಯಾಂಡ್. ಅಮ್ಮನ ಬಳೆ ಅಡವಿಟ್ಟ ಹಣ ಜೇಬಿನಲ್ಲಿರುತ್ತದೆ. “ಎಂಜಿನ್ ಹೊಸತರಂಗೆ ಇತ್ತ್ ಮಾರಾಯ್ರೆ, ಒಂದೇ ಎಳೆತಕ್ಕೆ ಸ್ಟಾರ್ಟ್” ಎಂದು ಮಾರುವವರು ಹೇಳುತ್ತಾರೆ. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರೆ ನಷ್ಟ ಹಣದ್ದು ಮಾತ್ರ. ದೋಣಿಯ ವಿಷಯ ಹಾಗಲ್ಲ. ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಅಲೆಗಳು ಏಳುತ್ತಿರುವಾಗ ಎಂಜಿನ್ ನಿಂತರೆ ದೋಣಿ ಹಿಡಿತ ತಪ್ಪಿ ಅಲೆಗೆ ಅಡ್ಡವಾಗಿ ತಿರುಗುತ್ತದೆ. ಮುಂದಿನ ಅಲೆಗೆ ಮಗುಚುತ್ತದೆ. ಆದ್ದರಿಂದ ಈ ವ್ಯಾಪಾರದಲ್ಲಿ ಪಣಕ್ಕಿರುವುದು ಪ್ರಾಣ.

ಬಣ್ಣಕ್ಕೆ ಮರುಳಾಗಬೇಡಿ

ಮೊದಲು ದೋಣಿಯನ್ನು ನೋಡಬೇಕು. ಹೊಸದಾಗಿ ಬಳಿದ ಬಣ್ಣ ಕಣ್ಣಿಗೆ ಚೆಂದ, ಆದರೆ ಬಿರುಕುಗಳನ್ನು ಮುಚ್ಚಲೂ ಅದೇ ಬಣ್ಣ ಸಾಕು. ಫೈಬರ್ ದೋಣಿಯಲ್ಲಿ ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆಯೇ ಮುಖ್ಯ. ಅನೇಕ ದೋಣಿಗಳಲ್ಲಿ ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಒಳಸೇರಿದರೆ ಮರ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಏನೂ ಕಾಣದು. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ಮೆಲ್ಲಗೆ ಬಡಿಯಿರಿ. ಗಟ್ಟಿಯಿರುವಲ್ಲಿ ‘ಟಣ್’ ಎನ್ನುತ್ತದೆ. ‘ದಬ್’ ಎಂದರೆ ಒಳಗೆ ಕೊಳೆತಿದೆಯೆಂದು ಶಂಕಿಸಬೇಕು. ಕಲ್ಲಂಗಡಿ ಹಣ್ಣನ್ನು ತಟ್ಟಿ ನೋಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ!

ಎಂಜಿನ್ ತಣ್ಣಗಿರಲಿ

ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ ಎಂಬಾತ 1909ರಲ್ಲಿ ಮಿಲ್ವಾಕಿ ನಗರದಲ್ಲಿ ಔಟ್‌ಬೋರ್ಡ್ ಎಂಜಿನ್ ಮಾರಾಟ ಆರಂಭಿಸಿದ. ಅದರ ಶಕ್ತಿ ಒಂದೂವರೆ ಅಶ್ವಶಕ್ತಿ, ತೂಕ ಸುಮಾರು 28 ಕಿಲೋ. ಅಂದಿನಿಂದ ಎಂಜಿನ್ ಎಷ್ಟೋ ಸುಧಾರಿಸಿದೆ. ಆದರೆ ಹಳತಾದಾಗ ಅದನ್ನು ಕಾಡುವ ರೋಗಗಳು ಮಾತ್ರ ಹೆಚ್ಚೇನೂ ಬದಲಾಗಿಲ್ಲ.

ಮೊದಲ ಸೂತ್ರ: ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು. ಮುಟ್ಟಿದಾಗ ಬಿಸಿಯಿದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆಂದೇ ಅರ್ಥ. ಬಿಸಿ ಎಂಜಿನ್ ಒಂದೇ ಎಳೆತಕ್ಕೆ ಹೊರಡುವುದರಲ್ಲಿ ಹೆಚ್ಚುಗಾರಿಕೆಯಿಲ್ಲ. ತಣ್ಣಗಿನದು ಹೊರಡಬೇಕು.

ಚಾಲೂ ಆದ ಮೇಲೆ ಎಂಜಿನ್ನಿನ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆಯೇ ಗಮನಿಸಿ. ಒಳಗಿನ ರಬ್ಬರ್ ಇಂಪೆಲ್ಲರ್ ಕಡಲಿನ ನೀರನ್ನು ಎಳೆದು ಎಂಜಿನ್ ತಂಪಾಗಿಸುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ನೀರು ಬಾರದಿದ್ದರೆ ಎಂಜಿನ್ ನಿಮಿಷಗಳಲ್ಲೇ ಕಾದು ಕೆಡುತ್ತದೆ.

ಮೂರನೆಯದು ಒತ್ತಡದ ಪರೀಕ್ಷೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅಲ್ಲಿ ಗೇಜ್ ಹಾಕಿ ಹಗ್ಗ ಎಳೆದರೆ ಸಿಲಿಂಡರಿನೊಳಗಿನ ಒತ್ತಡ ತಿಳಿಯುತ್ತದೆ. ಎರಡು ಸಿಲಿಂಡರುಗಳ ಒತ್ತಡದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಳಗೆ ಸವೆತವಿದೆಯೆಂದು ತಿಳಿಯಬೇಕು. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನುಗಳಲ್ಲಿ ಮಸಿ ಹೆಚ್ಚು. ಹಾಗಾಗಿ ಬಿಚ್ಚಿದ ಪ್ಲಗ್ಗಿನ ತುದಿಯನ್ನೂ ನೋಡುವುದು ಒಳ್ಳೆಯದು.

ಪಾಠದ ಪುಸ್ತಕ ಇಲ್ಲಿಗೆ ಬರಲಿ

ಶಾಲೆಯಲ್ಲಿ ಕಲಿತ ವಿಜ್ಞಾನ ಕೆಲಸಕ್ಕೆ ಬರುವುದು ಇಂಥ ಕಡೆ. ಪ್ರೊಪೆಲ್ಲರಿನ ಹತ್ತಿರ ಗೇರ್ ಆಯಿಲ್ ತುಂಬುವ ಭಾಗವಿದೆ. ಅದರ ಕೆಳಗಿನ ಸ್ಕ್ರೂ ಸಡಿಲಿಸಿದಾಗ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಹಾಳಾಗಿ ನೀರು ಸೇರಿದೆ ಎಂದರ್ಥ. ರಾತ್ರಿಯೆಲ್ಲ ನಿಂತಿದ್ದ ಎಂಜಿನ್ನಿನಲ್ಲಿ ಮೊದಲು ನೀರೇ ಹೊರಬರಲೂಬಹುದು. ಯಾಕೆ? ನೀರು ಎಣ್ಣೆಗಿಂತ ಭಾರ. ಅದು ತಳದಲ್ಲಿ ನಿಲ್ಲುತ್ತದೆ.

ಇನ್ನು ಎಂಜಿನ್ನಿನ ಕೆಳಭಾಗಕ್ಕೆ ಜೋಡಿಸಿದ ಸತುವಿನ ತುಂಡು. ಉಪ್ಪು ನೀರಿನಲ್ಲಿ ಎರಡು ಲೋಹಗಳು ಸೇರಿದರೆ ಹೆಚ್ಚು ಚುರುಕಾದದ್ದು ಮೊದಲು ಸವೆಯುತ್ತದೆಂದು ರಸಾಯನಶಾಸ್ತ್ರ ಹೇಳುತ್ತದೆ. ಸತು ತಾನು ಸವೆದು ಅಲ್ಯೂಮಿನಿಯಮ್ಮಿನ ಮೈಯನ್ನು ಕಾಯುತ್ತದೆ. ಅರ್ಧ ಸವೆದಿದ್ದರೆ ಕೆಲಸ ಮಾಡಿದೆ ಎಂದು ಸಂತೋಷಪಡಿ. ಪೂರ್ತಿ ಇಲ್ಲವಾಗಿದ್ದರೆ, ಅಥವಾ ಅದರ ಮೇಲೂ ಬಣ್ಣ ಬಳಿದಿದ್ದರೆ, ಹಿಂದಿನ ಮಾಲೀಕರ ಆರೈಕೆ ಎಷ್ಟೆಂಬುದು ಗೊತ್ತಾಯಿತು. ಕಡಲಿನಿಂದ ಬಂದ ಮೇಲೆ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಸ್ವಲ್ಪ ಹೊತ್ತು ಓಡಿಸುತ್ತಿದ್ದಿರಾ ಎಂದು ಅವರನ್ನು ಕೇಳಿ. ಉತ್ತರಕ್ಕಿಂತ ಮುಖಭಾವವೇ ಹೆಚ್ಚು ಹೇಳೀತು!

ಎಲ್ಲ ಸರಿಯೆನಿಸಿದರೆ ಅರ್ಧ ಗಂಟೆಯಾದರೂ ನೀರಿನ ಮೇಲೆ, ಜನ ಮತ್ತು ಭಾರದೊಡನೆ ಓಡಿಸಿ ನೋಡಬೇಕು. ದಡದಲ್ಲಿ ಗುನುಗುವ ಎಂಜಿನ್ ಭಾರ ಬಿದ್ದಾಗ ಉಸಿರು ಕಟ್ಟಿಕೊಳ್ಳುವುದುಂಟು.

ಕಾಗದ ಪತ್ರ, ಕೈಯಲ್ಲಿ ಹಣ

ದೋಣಿಯ ಮೇಲಿನ ನೋಂದಣಿ ಸಂಖ್ಯೆ, ಎಂಜಿನ್ನಿನ ತಟ್ಟೆಯ ಸಂಖ್ಯೆ, ದಾಖಲೆಗಳು ಮೂರೂ ತಾಳೆಯಾಗಲಿ. ನೋಂದಣಿ ವರ್ಗಾವಣೆ, ಸಹಾಯಧನದ ಇಂಧನದ ಪರವಾನಗಿ ಹೊಸ ಮಾಲೀಕನಿಗೆ ಸಿಗುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮುನ್ನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿಯೇ ವಿಚಾರಿಸಬೇಕು. ಇರುವ ಹಣವನ್ನೆಲ್ಲ ಕೊಳ್ಳುವುದಕ್ಕೇ ಸುರಿಯುವುದು ದೊಡ್ಡ ತಪ್ಪು. ಇಂಪೆಲ್ಲರ್, ಪ್ಲಗ್, ಸೀಲ್‌ಗಳಿಗೆ, ಎಲ್ಲರಿಗೂ ಒಂದೊಂದು ಜೀವರಕ್ಷಕ ಜಾಕೆಟ್ಟಿಗೆ ಹಣ ಉಳಿಯಬೇಕು. ದೋಣಿಯಲ್ಲಿ ಎರಡು ಹುಟ್ಟು ಸದಾ ಇರಲಿ.

ಈ ಕೆಲಸದಲ್ಲಿ ಆಸಕ್ತಿ ಹುಟ್ಟಿದ ಮಕ್ಕಳಿಗೆ ಓದಿನ ದಾರಿಯೂ ಇದೆ. 1963ರಲ್ಲಿ ಕೊಚ್ಚಿಯಲ್ಲಿ ಆರಂಭವಾದ, ಇಂದು ಸಿಫ್ನೆಟ್ ಎಂದು ಹೆಸರಾದ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಎರಡು ವರ್ಷದ ಮೆರೈನ್ ಫಿಟ್ಟರ್ ತರಬೇತಿಯಿದೆ.

ಅಪ್ಪನಿಗೆ ಕಡಲು ಗೊತ್ತು, ಮಗನಿಗೋ ಮಗಳಿಗೋ ಪಾಠ ಗೊತ್ತು. ಇಬ್ಬರೂ ಒಟ್ಟಿಗೆ ಹೋಗಿ ನೋಡಲಿ. ಮನಸ್ಸಿಗೆ ಒಪ್ಪದಿದ್ದರೆ “ಬೇಡ” ಎಂದು ಹೇಳಿ ಬರಿಗೈಲಿ ಮರಳುವುದರಲ್ಲಿ ಅವಮಾನವೇನಿಲ್ಲ. ಒಂದು ಮಳೆಗಾಲದ ಸಂಪಾದನೆ ಹೋದರೆ ಮುಂದಿನ ಮಳೆಗಾಲವಿದೆ.